ಡೆಸ್ಮಂಡ್ ಅಂಕಲ್ ಮನೆಯ ಆಯುಧಪೂಜೆ

ಗ್ಯಾಸ್ ಒಲೆ ಹೊತ್ತಿಸುವ ಲೈಟರಿನ ‘ಟಿಕ್’ ಸದ್ದು ಕೇಳಿದರೆ ಸಾಕು, ಇವತ್ತಿಗೂ ನನ್ನ ಎದೆ ಒಮ್ಮೆ ಜಿಗಿಯುತ್ತದೆ. ನಿಮಗೂ ಇಂಥದೊಂದು ಸದ್ದು ಇದ್ದೇ ಇರುತ್ತದೆ, ಕಳೆದುಹೋದ ಮನೆಯ ಬಾಗಿಲನ್ನು ಥಟ್ಟನೆ ತೆರೆದುಬಿಡುವಂಥದ್ದು. ನನಗೆ ತೆರೆಯುವುದು ಬಹರೈನಿನ ಹೂರಾ ಬಡಾವಣೆಯ ಎರಡನೇ ಮಹಡಿಯ ಫ್ಲಾಟು. ಹಳೆಯ ಏಸಿಯ ಗುರುಗುರು, ಕೆಳಗಿನ ಬೀದಿಯಿಂದ ಮೇಲೇರುವ ಸುಟ್ಟ ಮಾಂಸದ ಹೊಗೆ, ಒಳಗೆ ಬಂಗುಡೆ ಸಾರಿನ ಹುಳಿ ಪರಿಮಳ. ಅಡುಗೆಮನೆಯಲ್ಲಿ ಅಮ್ಮನ ಲೈಟರು ಟಿಕ್ ಎಂದರೆ, ಗೋಡೆಯಾಚೆ ಡೆಸ್ಮಂಡ್ ಅಂಕಲ್‌ನ ಮರದ ಬಂದೂಕೂ ಟಿಕ್ ಎನ್ನುತ್ತಿತ್ತು. ಯಾವುದು ಒಲೆ, ಯಾವುದು ಬಂದೂಕು ಎಂದು ನಾನು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದೆ.

ಡೆಸ್ಮಂಡ್ ಅಂಕಲ್ ಹಡಗು ದುರಸ್ತಿಯ ಕೆಲಸಕ್ಕೆ ಬಹರೈನಿಗೆ ಬಂದವರು. ಊರು ಕೆರಿಬಿಯನ್ ಕಡಲಿನ ಒಂದು ಪುಟಾಣಿ ದ್ವೀಪ. ನನ್ನ ಶಾಲೆಯ ಅಟ್ಲಾಸಿನಲ್ಲಿ ಅದರ ಹೆಸರಿತ್ತು, ನೆಲ ಇರಲಿಲ್ಲ. ಆ ದ್ವೀಪದ ಶೂಟಿಂಗ್ ಸಂಘಕ್ಕೆ ಅವರೇ ಕಾರ್ಯದರ್ಶಿ, ಅವರೇ ಅತ್ಯುತ್ತಮ ಗುರಿಕಾರ. ಸಂಘದ ಅರ್ಧ ಕಾರುಬಾರು ಹೂರಾದ ಅವರ ಟೆಲಿಫೋನಿನಲ್ಲೇ ನಡೆಯುತ್ತಿತ್ತು. ಸಂಜೆಯಾದರೆ ಯಾರದೋ ಕೋಟಿನ ಅಳತೆ, ಯಾರದೋ ವಿಮಾನ ಎಂದು ಕೂಗಾಡುವುದು ನಮಗೆಲ್ಲ ಕೇಳಿಸುತ್ತಿತ್ತು. ನಿಜವಾದ ಬಂದೂಕು ಮರುಭೂಮಿಯ ಕಡೆಯ ಶೂಟಿಂಗ್ ರೇಂಜಿನಲ್ಲಿ ಬೀಗದೊಳಗೆ ಇರಬೇಕು, ಅದು ಕಾನೂನು. ಮನೆಯಲ್ಲಿದ್ದದ್ದು ಕುದುರೆ, ಅಂದರೆ ಟ್ರಿಗರ್ ಮಾತ್ರ ಜೋಡಿಸಿದ ಮರದ ಬಂದೂಕು. ಅದರ ತುದಿಯ ಮೇಲೆ ನೂರು ಫಿಲ್ಸಿನ ನಾಣ್ಯವಿಟ್ಟು ಕುದುರೆ ಎಳೆಯುವುದು ಅವರ ಅಭ್ಯಾಸ. ನಾಣ್ಯ ಅಲುಗಬಾರದು. ಅದು ನೆಲಕ್ಕೆ ಬಿದ್ದು ಠಣ್ ಎಂದರೆ ಅಮ್ಮ ಸೌಟು ಹಿಡಿದುಕೊಂಡೇ, “ಬಿತ್ತು ನೋಡು! ಪಾಪ, ಇವತ್ತು ಅವರಿಗೆ ಊಟ ಸೇರ್ಲಿಕ್ಕಿಲ್ಲ” ಎನ್ನುತ್ತಿದ್ದರು. ಸ್ವಲ್ಪ ಹೊತ್ತಿಗೆಲ್ಲ ಒಂದು ಬಟ್ಟಲು ಸಾರು ಆ ಮನೆಗೆ ಹೋಗುತ್ತಿತ್ತು.

ಆ ವರ್ಷ ದೊಡ್ಡ ಕ್ರೀಡಾಕೂಟ ಹತ್ತಿರ ಬಂದಿತ್ತು. ಅಂಕಲ್‌ನ ವಯಸ್ಸಿಗೆ ಅದೇ ಕೊನೆಯ ಅವಕಾಶ. ನಿಗದಿಯಾದ ಅಂಕಗಳನ್ನು ರೇಂಜಿನ ಅಧಿಕಾರಿಯ ಎದುರು ಗಳಿಸದವರು ತಂಡದಲ್ಲಿಲ್ಲ ಎಂದು ನಿಯಮ ಮಾಡಿದವರು ಅವರೇ. “ಈ ಸೆಕ್ರೆಟರಿ ಉಂಟಲ್ಲ, ಆ ಶೂಟರಿಗೆ ಅರ್ಧ ಪಾಯಿಂಟೂ ಬಿಡುವ ಜನ ಅಲ್ಲ” ಎಂದು ಅಪ್ಪ ನಗುತ್ತಿದ್ದರು. ಕೊನೆಯ ಪರೀಕ್ಷೆ ಬಿದ್ದದ್ದು ಒಂದು ಶುಕ್ರವಾರ. ಅದರ ಹಿಂದಿನ ದಿನವೇ ಆಯುಧಪೂಜೆ.

ನಮ್ಮ ಮನೆಯಲ್ಲಿ ಪೂಜೆಗೆ ಕೂರದ ವಸ್ತುವಿರಲಿಲ್ಲ. ಅಪ್ಪನ ‘ಕೋಲ್ಡ್ ಸ್ಟೋರ್’ ಎಂಬ ದಿನಸಿ ಅಂಗಡಿಯ ತಕ್ಕಡಿ, ಕಾರಿನ ಕೀಲಿ, ಮಿಕ್ಸಿ, ನನ್ನ ಜಾಮಿಟ್ರಿ ಬಾಕ್ಸು. ಅಮ್ಮ ಪಕ್ಕದ ಮನೆಯ ಬಾಗಿಲು ತಟ್ಟಿ, “ಭಾಯಿ, ನಿಮ್ಮ ಹತ್ಯಾರ್ ಕೊಡಿ, ಪೂಜೆ ಕರೇಗಾ” ಎಂದು ತಮ್ಮ ಬೆರಕೆ ಹಿಂದಿಯಲ್ಲಿ ಕೇಳಿದರು. ಅಂಕಲ್ ಮಹಾ ಗಾಂಭೀರ್ಯದಿಂದ ಒಂದು ಮಖಮಲ್ಲಿನ ಪೆಟ್ಟಿಗೆ ತಂದುಕೊಟ್ಟರು. ಒಳಗಿದ್ದದ್ದು ಸೈಟ್, ಬಂದೂಕಿನ ಹಿಂಭಾಗಕ್ಕೆ ಕೂರಿಸುವ ಕರಿ ಬಿಲ್ಲೆ, ನಡುವೆ ಸೂಜಿಮೊನೆಯಷ್ಟು ಕಿಂಡಿ. ಆ ಕಿಂಡಿಯಲ್ಲೇ ಗುರಿ ನೋಡಬೇಕು. ಅಮ್ಮ ಗಂಧ ಇಟ್ಟರು, ಕುಂಕುಮ ಇಟ್ಟರು, ಮಲ್ಲಿಗೆ ಮುಡಿಸಿ ಆರತಿ ಎತ್ತಿದರು. ಪೂಜೆಗೆ ಕೂತ ಆಯುಧವನ್ನು ಆ ದಿನ ಮುಟ್ಟುವಂತಿಲ್ಲ. “ನಾಳೆ ತನಕ ಪೆಟ್ಟಿಗೆ ತೆರೀಬೇಡಿ ಆಯ್ತಾ” ಎಂದು ಅಮ್ಮ ಮಾತು ತೆಗೆದುಕೊಂಡೇ ಅದನ್ನು ಹಿಂದಿರುಗಿಸಿದರು. ಅಂಕಲ್ ಮಾತಿಗೆ ತಪ್ಪುವವರಲ್ಲ. ಪೆಟ್ಟಿಗೆ ತೆರೆದದ್ದು ಮರುದಿನ ರೇಂಜಿನಲ್ಲೇ.

ಅಪ್ಪ, ಅಮ್ಮ, ನಾನು ಮೂವರೂ ಹೋಗಿದ್ದೆವು. ಅಂಕಲ್ ಬಂದೂಕಿಗೆ ಸೈಟ್ ಕೂರಿಸಿ, ಕೆನ್ನೆ ಒತ್ತಿ ಕಣ್ಣಿಟ್ಟರು. ಮತ್ತೆ ತಲೆ ಎತ್ತಿದರು, ಮತ್ತೆ ಕಣ್ಣಿಟ್ಟರು. ಏನೂ ಕಾಣುತ್ತಿಲ್ಲ! ಕಿಂಡಿಯ ತುಂಬ ಗಂಧ ಒಣಗಿ ಕಲ್ಲಾಗಿತ್ತು. ಅಮ್ಮ, “ಅಯ್ಯೋ ದೇವರೇ, ಎಂಥ ಮಾಡಿಬಿಟ್ಟೆ ನಾನು!” ಎನ್ನುತ್ತ ತಲೆಯಿಂದ ಹೇರ್‌ಪಿನ್ ಕಿತ್ತರು. “ನೋ ಅಕ್ಕಾ, ಪಿನ್ ನೋ! ಗೀರು ಬೀಳ್ತದೆ” ಎಂದು ನಮ್ಮಿಂದ ಕಲಿತ ಕನ್ನಡದಲ್ಲೇ ಕೂಗಿ ಅಂಕಲ್ ಕೈ ಅಡ್ಡ ಹಿಡಿದರು. ಅಷ್ಟರಲ್ಲಿ ರೇಂಜಿನ ಅಧಿಕಾರಿ ಗಡಿಯಾರ ನೋಡಿ, “ಯಲ್ಲಾ, ಡೆಸ್ಮಂಡ್” ಎಂದು ಅವಸರಿಸಿದ. ಅಮ್ಮ ಥಟ್ಟನೆ ಮುಡಿಯ ಮಲ್ಲಿಗೆಯಿಂದ ಒಂದು ಮೊಗ್ಗು ಎಳೆದು, ಅದರ ತೊಟ್ಟನ್ನು ಬಾಟಲಿಯ ನೀರಿನಲ್ಲಿ ಅದ್ದಿ ಕಿಂಡಿಗೆ ಹಾಕಿ ತಿರುವತೊಡಗಿದರು. ಒಂದು ತೊಟ್ಟು ಮುರಿಯಿತು, ಇನ್ನೊಂದು, ಮತ್ತೊಂದು. ನಾನು ಅಪ್ಪನ ಅಂಗಿ ಜಗ್ಗುತ್ತಿದ್ದೆ. ಕಡೆಗೂ ಕಿಂಡಿಯಲ್ಲಿ ಬೆಳಕು ಮಿನುಗಿತು! ಕುಂಕುಮ ಒರೆಸಲು ಸಮಯವೇ ಉಳಿದಿರಲಿಲ್ಲ. ಕೆಂಪು ಬೊಟ್ಟು ಹೊತ್ತ ಸೈಟನ್ನೇ ಕೂರಿಸಿ ಅಂಕಲ್ ಗುರಿಯಿಟ್ಟರು. ಆಮೇಲೆ ಒಂದೊಂದು ಗುಂಡಿಗೂ ಅಮ್ಮ ನನ್ನ ಕೈ ಹಿಸುಕಿದ ಹಿಸುಕಿಗೆ ಬೆರಳೆಲ್ಲ ಜೋಮು ಹಿಡಿಯಿತು.

ಕೂದಲೆಳೆಯ ಅಂತರದಲ್ಲಿ ಪಾಸಾದರು! ಅಧಿಕಾರಿ ಹೆಬ್ಬೆರಳು ಎತ್ತಿದ್ದೇ ತಡ, ಅಪ್ಪ ಮರಳಿನ ಮೇಲೆ ಕುಣಿದೇಬಿಟ್ಟರು. ಅಮ್ಮ ಅಳುತ್ತ ನಗುತ್ತಿದ್ದರು. “ಅಕ್ಕಾ, ಕೊನೆಯ ಗುಂಡಿನ ತನಕ ಮೂಗಿನ ತುಂಬ ನಿಮ್ಮ ಮನೆಯದೇ ವಾಸನೆ” ಎಂದರು ಅಂಕಲ್. ಕ್ರೀಡಾಕೂಟದಲ್ಲಿ ಅವರ ಸ್ಥಾನ ತೀರಾ ಕೆಳಗಿತ್ತು. ಆದರೂ ದಸರೆಯ ಆನೆಯ ಗತ್ತಿನಲ್ಲಿ ಹಿಂದಿರುಗಿ, ಮೆಟ್ಟಿಲಿನಿಂದಲೇ “ಅಕ್ಕಾ, ಸಾರು!” ಎಂದು ಕೂಗಿದರು.

ಮುಂದೆ ಅವರು ತಮ್ಮ ದ್ವೀಪಕ್ಕೇ ಮರಳಿ, ಮಕ್ಕಳಿಗೆ ಶೂಟಿಂಗ್ ಕಲಿಸುವ ಶಾಲೆ ಕಟ್ಟಿದರು. ಹೂರಾದ ನಮ್ಮ ಕಟ್ಟಡ ಉರುಳಿ ಅಲ್ಲಿ ಗಾಜಿನ ಹೋಟೆಲು ಎದ್ದಿತು. ಅಪ್ಪ ಹೋದರು, ಅಮ್ಮ ಹೋದರು. ಹೋದ ಚಳಿಗಾಲದಲ್ಲಿ ಡೆಸ್ಮಂಡ್ ಅಂಕಲ್ ಕೂಡ ಹೋದರೆಂದು ಗೊತ್ತಾದಾಗ, ಬಹರೈನಿನಲ್ಲೇ, ಸೆಗಯಾ ಬಡಾವಣೆಯ ನನ್ನ ಫ್ಲಾಟಿನಲ್ಲಿ ಒಬ್ಬಳೇ ಕೂತು ಅತ್ತೆ. ಅವರ ನೆನಪಿಗೆಂದು ಅಲ್ಲಿಯ ಸಂಘ ಮಕ್ಕಳ ಸ್ಪರ್ಧೆ ನಡೆಸಿತು. ಮೊಬೈಲಿನಲ್ಲಿ ನೇರ ಪ್ರಸಾರ ಬರುತ್ತಿತ್ತು. ಬಿಗಿಯಾಗಿ ಜಡೆ ಹೆಣೆದ ಒಬ್ಬಳು ಹುಡುಗಿ ಬಂದೂಕು ಹಿಡಿದು ನಿಂತಳು. ಜೇಬಿನಿಂದ ಲಿಪ್‌ಸ್ಟಿಕ್ ತೆಗೆದು, ಸೈಟಿನ ಕಿಂಡಿಗೆ ತಾಗದ ಹಾಗೆ ಪಕ್ಕದಲ್ಲಿ ಒಂದು ಕೆಂಪು ಬೊಟ್ಟಿಟ್ಟು ಪಕ್ಕದವನಿಗೆ ದಾಟಿಸಿದಳು. ಅವನೂ ಇಟ್ಟ. ಸಾಲಿನಲ್ಲಿದ್ದ ಅಷ್ಟೂ ಮಕ್ಕಳು ಇಟ್ಟರು. ನಾನು ಎದ್ದು ನಿಂತು “ಅಮ್ಮಾ!” ಎಂದು ಕಿರುಚಿದೆ.

ಇದು ನಮ್ಮ ದ್ವೀಪದ ಹಳೆಯ ಪದ್ಧತಿ, ಯಾರು ಶುರು ಮಾಡಿದರೋ ಯಾರಿಗೂ ತಿಳಿಯದು ಎಂದು ವೀಕ್ಷಕ ವಿವರಣೆಯವನು ಹೇಳುತ್ತಿದ್ದ. ತಿಳಿದವಳು ನಾನೊಬ್ಬಳು ಇಲ್ಲಿದ್ದೆ. ಓಡಿಹೋಗಿ ಅಮ್ಮನಿಗೆ ಹೇಳೋಣವೆಂದರೆ ಆ ಅಡುಗೆಮನೆ ಇರಲಿಲ್ಲ.