ನಿಂತ ಫೋಟೋ

ದೆವ್ವ, ಪವಾಡ ಅಂತ ಯಾರಾದರೂ ಮಾತು ತೆಗೆದರೆ ನಾನು ಎದ್ದುಹೋಗುವವನು. ಕಲಬುರಗಿಯಲ್ಲಿ ಸ್ಟುಡಿಯೋ ಇಟ್ಟುಕೊಂಡು ಬದುಕುವ ನನಗೆ, ಕ್ಯಾಮೆರಾದ ಮುಂದೆ ಇಲ್ಲದ್ದು ಫೋಟೋದಲ್ಲಿ ಬರುವುದಿಲ್ಲ ಎನ್ನುವುದಕ್ಕಿಂತ ದೊಡ್ಡ ನಂಬಿಕೆ ಬೇರೆ ಇರಲಿಲ್ಲ. ಈಗಲೂ ಅದನ್ನು ಪೂರ್ತಿ ಬಿಟ್ಟಿಲ್ಲ. ಆದರೆ ಕೆಲವು ವರ್ಷಗಳ ಹಿಂದೆ ಕಮಲಾಪುರದಲ್ಲಿ ಒಂದು ಸಂಜೆ ನಡೆದದ್ದನ್ನು ಏನೆಂದು ತಿಳಿಯಬೇಕೋ ಗೊತ್ತಾಗಿಲ್ಲ. ನೀವು ನಂಬಲೇಬೇಕೆಂಬ ಹಟ ನನಗಿಲ್ಲ.

ಶಾಂತಾಬಾಯಿ ಬಸ್ ಕಂಡಕ್ಟರ್ ಆಗಿದ್ದರು. ಮದುವೆ ಫೋಟೋ ತೆಗೆಯಲು ಊರೂರಿಗೆ ಹೋಗುವಾಗ ಎಷ್ಟೋ ಸಲ ಅವರ ಬಸ್ಸಿನಲ್ಲೇ ಹೋಗಿದ್ದೇನೆ. ಎತ್ತರದ ಹೆಣ್ಣುಮಗಳು. ದಾರಿಯ ಮಹಾಗಾಂವದಲ್ಲಿ ಜನ ಎಷ್ಟೇ ನುಗ್ಗಲಿ, ಕಂಬಿ ಹಿಡಿಯದೆ ನಿಂತು ಟಿಕೆಟ್ ಕೊಡುತ್ತಿದ್ದರು. ಅಂಥವರಿಗೆ ಬೆನ್ನೆಲುಬಿನ ಕ್ಯಾನ್ಸರ್ ಬಂತು. ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಆಸ್ಪತ್ರೆಯವರು ಕಳಿಸಿಬಿಟ್ಟಿದ್ದರು.

ಅವರ ಗಂಡ ಮಾರುತಿ ಕಪನೂರಿನ ಬೇಳೆ ಮಿಲ್ಲಿನಲ್ಲಿ ದುಡಿಯುವವರು. ಒಂದು ದಿನ ಸ್ಟುಡಿಯೋಕ್ಕೆ ಬಂದರು.

"ಆಕಿದೊಂದು ಫೋಟೋ ತೆಗೀಬೇಕ್ರಿ ಸರ. ಬರೇ ಮಾರಿದು ಬ್ಯಾಡಂತ, ಕಾಲತನಕ ಬೇಕಂತ. ನಿಂತದ್ದೇ ಬೇಕಂತ ಹಟ ಹಿಡದಾಳ." ಆಮೇಲೆ ತಲೆ ತಗ್ಗಿಸಿ, "ಸೊಂಟದ ಕೆಳಗ ಸ್ವಾಧೀನ ಇಲ್ಲರಿ ಆಕಿಗಿ. ನೀವೇ ಏನಾರ ಹೇಳಿ ಸಮಾಧಾನ ಮಾಡ್ರಿ" ಎಂದರು.

ಹೋದೆ. ಕಮಲಾಪುರದಲ್ಲಿ ಅವರದು ಒಂದೇ ಕೋಣೆಯ ಮನೆ, ಬಾಗಿಲಿನಿಂದ ಒಳ್ಳೆಯ ಇಳಿಬಿಸಿಲು ಬೀಳುತ್ತಿತ್ತು. ಹಸಿರು ಸೀರೆ ಉಡಿಸಿ ಅವರನ್ನು ಮಂಚದ ಅಂಚಿಗೆ ಕೂಡಿಸಿದ್ದರು. ಅವರ ಅಕ್ಕ ಸುಶೀಲಾ ಬೆನ್ನಿಗೆ ಕೈ ಆನಿಸಿ ಕೂತಿದ್ದರು. ನನ್ನನ್ನು ಕಂಡವರೇ ಶಾಂತಾಬಾಯಿ ಗುರುತು ಹಿಡಿದರು. "ಆಧಾರದಾಗ ಮಾರಿ, ಡ್ಯೂಟಿ ಕಾರ್ಡಿನಾಗ ಮಾರಿ. ಹುಟ್ಟಿದಾಗಿಂದ ಎಲ್ಲಾ ಬರೇ ಮಾರಿ ಫೋಟೋನೇರಿ. ಜಲ್ಮೆಲ್ಲಾ ನಿಂತು ದುಡದೀನಿ, ನಿಂತದ್ದೊಂದೂ ಇಲ್ಲ" ಎಂದರು. ನಾನು ಕ್ಯಾಮೆರಾದ ಸ್ಟ್ಯಾಂಡ್ ಬಿಚ್ಚತೊಡಗಿದೆ.

ಪೂರ್ತಿ ಆಳಿನ ಫೋಟೋ ತೆಗೆಯುವುದು ಕಾಣುವಷ್ಟು ಸುಲಭವಲ್ಲ. ಕ್ಯಾಮೆರಾವನ್ನು ಸೊಂಟದ ಮಟ್ಟಕ್ಕೆ ಇಳಿಸಬೇಕು, ಇಲ್ಲದಿದ್ದರೆ ಕಾಲು ಗಿಡ್ಡವಾಗುತ್ತವೆ. ಮೈಭಾರ ಒಂದು ಕಾಲಿನ ಮೇಲೆ ಬಿದ್ದರೆ ನಿಲುವಿಗೆ ಜೀವ ಬರುತ್ತದೆ. ಕೈಗಳಿಗೆ ಏನಾದರೂ ಕೆಲಸ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಪಾದ ನೆಲಕ್ಕೆ ಊರಿದ್ದು ಕಾಣಬೇಕು, ಪಾದದ ಕೆಳಗೆ ಒಂದಿಷ್ಟು ನೆಲವೂ ಇರಬೇಕು. ಅದಿಲ್ಲದಿದ್ದರೆ ಮನುಷ್ಯ ಹಗ್ಗಕ್ಕೆ ಹಾಕಿದ ಬಟ್ಟೆಯಂತೆ ತೂಗುತ್ತಾನೆ. ಕೂತವರಲ್ಲಿ ಇದೆಲ್ಲ ಎಲ್ಲಿಂದ ಬರಬೇಕು? ಕೂತಲ್ಲೇ ಪಾದದವರೆಗೆ ತೆಗೆದುಕೊಟ್ಟರಾಯಿತು ಎಂದುಕೊಂಡು ಬಗ್ಗಿ ಕ್ಯಾಮೆರಾಕ್ಕೆ ಕಣ್ಣಿಟ್ಟೆ.

ಶಾಂತಾಬಾಯಿ ನಿಂತಿದ್ದರು.

ಮಾರುತಿ, ಸುಶೀಲಾ ಸೇರಿ ಎಬ್ಬಿಸಿರಬೇಕು ಎಂದುಕೊಂಡೆ. ಬಹಳ ಹೊತ್ತು ನಿಲ್ಲಲಾರರು ಅನ್ನಿಸಿ ಬೇರೆ ಯಾವುದರ ಕಡೆಗೂ ಗಮನ ಕೊಡಲಿಲ್ಲ. "ಭಾರ ಎಡಗಾಲ ಮ್ಯಾಲ ಬಿಡ್ರಿ ಅಕ್ಕಾರ" ಎಂದೆ. ಬಿಟ್ಟರು. "ಸೆರಗು ಹಿಡ್ಕೋರಿ." ಹಿಡಿದರು. ಹೆಗಲು ಸಡಿಲಾಯಿತು, ಗದ್ದ ಎತ್ತಿದರು. ಬಸ್ಸಿನಲ್ಲಿ ನಾನು ಕಂಡಿದ್ದ ಅದೇ ಹೆಣ್ಣುಮಗಳು. ಎಷ್ಟೋ ವರ್ಷಗಳಿಂದ ಅಂಥ ಫೋಟೋ ನನಗೆ ಸಿಕ್ಕಿರಲಿಲ್ಲ. ಸಾಕೆನಿಸುವಷ್ಟು ತೆಗೆದು ತಲೆ ಎತ್ತಿದಾಗ ಅವರು ಮಂಚದ ಮೇಲೆ ಕೂತಿದ್ದರು, ಅಕ್ಕ ಬೆನ್ನಿಗೆ ದಿಂಬು ಕೊಡುತ್ತಿದ್ದರು. ಕೂಡಿಸಿರಬೇಕು ಎಂದುಕೊಂಡೆ.

ಮಾರುತಿ ಅಂಗಳದವರೆಗೆ ಬಂದು ನನ್ನ ಕೈ ಹಿಡಿದುಕೊಂಡರು. "ಉಪಕಾರ ಆಯ್ತರಿ ಸರ. ಆಕಿ ಮನಸು ಮುರೀಬಾರದಂತ, ನಿಂತಾಕಿಗಿ ಹೇಳಿದಂಗೇ ಹೇಳಿದ್ರಿ. ಕಾಲ ಮ್ಯಾಲ ಭಾರ ಬಿಡ್ರಿ ಅಂದ್ರಲ್ಲ, ನನಗ ಅಳು ಬಂತು."

"ನಿಂತಿದ್ರಲ್ಲರಿ?" ಎಂದೆ.

ಅವರು ನನ್ನ ಮುಖ ನೋಡಿದರು. "ಎಲ್ಲಿ ನಿಂತಾಳ್ರಿ? ಕೂತಾಕಿ ಕೂತಂಗೇ ಇದ್ದಳಲ್ಲ. ಸುಶೀಲಕ್ಕ ಕೈ ಸೈತ ಬಿಟ್ಟಿದ್ದಿಲ್ಲ."

ಕ್ಯಾಮೆರಾ ತೆಗೆದು ತೋರಿಸಿದೆ. ಶಾಂತಾಬಾಯಿ ಒಬ್ಬರೇ ನಿಂತಿದ್ದರು. ಬಾತ ಪಾದಗಳು ನೆಲಕ್ಕೆ ಊರಿದ್ದವು, ನೆರಳು ಗೋಡೆಯವರೆಗೆ ಚಾಚಿತ್ತು. ಹಿಂದೆ ಮಂಚ ಖಾಲಿ. ಹಾಸಿಗೆಯ ಮೇಲೆ ಕೂತೆದ್ದ ಗುರುತು. ಸುಶೀಲಾ ಎಲ್ಲೂ ಇಲ್ಲ.

ಸುಶೀಲಾ ಅವರನ್ನು ಕರೆದು ಕೇಳಿದೆ. ಅವರೂ ಮಾರುತಿ ಹೇಳಿದ್ದನ್ನೇ ಹೇಳಿದರು. ಕಡೆಗೆ ಒಳಗೆ ಹೋಗಿ ಶಾಂತಾಬಾಯಿಗೇ ತೋರಿಸಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಬಹಳ ಹೊತ್ತು ನೋಡಿ, "ಚೆಂದ ನಿಂತೀನಲ್ರೀ" ಎಂದರು. ಆಮೇಲೆ ಬಾಗಿಲಲ್ಲಿದ್ದ ಗಂಡನ ಕಡೆ ತಿರುಗಿ, "ನೀ ನೋಡಲಿಲ್ಲೇನು?" ಎಂದು ಕೇಳಿದರು. ಮಾರುತಿ ಹೊರಗೆ ಹೋಗಿಬಿಟ್ಟರು.

ಸ್ಟುಡಿಯೋಕ್ಕೆ ಬಂದು ನನಗೆ ತಿಳಿದ ರೀತಿಯಲ್ಲೆಲ್ಲ ಪರೀಕ್ಷಿಸಿದೆ. ಹಳೆಯ ಫೋಟೋ ಬೆರೆತಿದೆಯೇ ಎಂದರೆ ನಾನು ಅವರದನ್ನು ಹಿಂದೆ ತೆಗೆದೇ ಇಲ್ಲ. ಫೋಟೋದ ಕಿಟಕಿಯಲ್ಲಿ ಆ ದಿನ ನಾನು ಕಂಡ ಔಷಧಿ ಬಾಟಲಿಗಳೇ ಇದ್ದವು, ಮೈಮೇಲೆ ಅದೇ ಹಸಿರು ಸೀರೆ. ಮಾರುತಿ, ಸುಶೀಲಾ ಸುಳ್ಳು ಹೇಳಿದರು ಅನ್ನಲು ನನ್ನ ಬಳಿ ಕಾರಣವಿಲ್ಲ.

ಆ ಫೋಟೋದಿಂದ ಯಾರಿಗೂ ಒಳ್ಳೆಯದಾಗಲಿಲ್ಲ. ಶಾಂತಾಬಾಯಿ ಮತ್ತೆ ನಿಲ್ಲಲಿಲ್ಲ. ನೋವಿನಲ್ಲೇ ತೀರಿಕೊಂಡರು. ಕೊನೆಕೊನೆಗೆ ಗಂಡನೊಂದಿಗೆ ಮಾತನ್ನೂ ಕಡಿಮೆ ಮಾಡಿದ್ದರಂತೆ.

ಮಣ್ಣಾದ ಮೇಲೆ ಮಾರುತಿ ಬಂದರು. ಗೋಡೆಗೆ ಹಾಕಲು ಫೋಟೋ ಬೇಕಿತ್ತು. ಕಂಪ್ಯೂಟರಿನಲ್ಲಿ ಅದನ್ನು ತೆರೆದೆ. ಅವರು ನೋಡಲಾರದೆ ಮುಖ ತಿರುಗಿಸಿದರು.

"ಎದಿತನಕ ಇಟ್ಟು ಕೆಳಗಿಂದು ಕೊಯ್ದುಬಿಡ್ರಿ ಸರ."

"ಅವರು ನಿಂತದ್ದೇ ಬೇಕಂದಿದ್ರು" ಎಂದೆ.

"ಹೌದ್ರಿ" ಎಂದರು. ಆಮೇಲೆ ಯಾರನ್ನೋ ಕೇಳಿದಂತೆ ಕೇಳಿದರು: "ಆಕಿ ಖರೇನೇ ನಿಂತಿದ್ರ, ಬಾಜೂಕೇ ಇದ್ದ ನನಗ್ಯಾಕ ಕಾಣಲಿಲ್ಲ?"

ನಾನು ಅವರು ಹೇಳಿದಂತೆ ಎದೆಯಿಂದ ಕೆಳಗಿನದನ್ನು ಕೊಯ್ದು ಕೊಟ್ಟೆ.