ಕುಕ್ಕರ್ ಗುರುತಿನ ಅಭ್ಯರ್ಥಿಗೆ ಸಿಕ್ಕ ಅರ್ಧ ತಾಸು

ಗೆಳೆಯರೇ, ಇವತ್ತಿನ ಪ್ರಚಾರದ ಖರ್ಚು ಇಷ್ಟು: ಆಟೋಗೆ ಎಂಟುನೂರು, ಕರಪತ್ರಕ್ಕೆ ಆರುನೂರು, ಕುಕ್ಕರಿನ ರಬ್ಬರ್ ಬಳೆಗೆ ತೊಂಬತ್ತು.

ಆದೋನಿಯಿಂದ ಪಾತ್ರೆ ಹೊತ್ತು ಊರೂರು ಮಾರಿ ಮೇಲೆ ಬಂದವನು ನಾನು. ಶಾಸಕನಾಗಲು ಪಕ್ಷೇತರನಾಗಿ ನಿಂತರೆ ಸಿಕ್ಕ ಗುರುತೂ ಕುಕ್ಕರೇ. ಅದನ್ನು ಹಿಡಿದು ಪೆದ್ದಕಡುಬೂರಿನಲ್ಲಿ ಒಬ್ಬನೇ ಮನೆಮನೆ ತಿರುಗಿದೆ. ಮಾರಲು ಬಂದೆನೆಂದು ತಿಳಿದು, "ಬ್ಯಾಡಣ್ಣ, ಮನ್ಯಾಗ ಎರಡು ಅದಾವ" ಎಂದು ಬಾಗಿಲು ಹಾಕಿದರು.

ಒಳಗೆ ಕರೆದವಳು ನನ್ನ ಹಳೇ ಗಿರಾಕಿ ಹುಲಿಗೆಮ್ಮ ಒಬ್ಬಳೇ. ನೀರು ಕೊಟ್ಟು, ನಾನು ಹೇಳಿದ್ದನ್ನೆಲ್ಲ ಕೇಳಿದಳು.

"ಅಕ್ಕಾ, ಬೂತಿನಾಗ ನನ್ನ ಏಜೆಂಟಾಗಿ ಕುಂದ್ರತೀಯೇನು? ನನ್ನ ಕಡಿಂದ ಯಾರೂ ಇಲ್ಲ."

"ಗಂಡ ಒಂದು ಪಾರ್ಟಿ ಏಜೆಂಟು, ಮಗ ಇನ್ನೊಂದಕ್ಕ. ನಾನೂ ಹೋಗಿ ಕುಂತ್ರ ರೊಟ್ಟಿ ಬಡಿಯೋರು ಯಾರು? ಅದಿರಲಿ, ನೀ ಮಾರಿದ ಕುಕ್ಕರ್ ಸೀಟಿ ಹೊಡೀವಲ್ದು, ನೋಡು."

ಪ್ರಚಾರದ ಕುಕ್ಕರಿನ ಬಳೆ ಬಿಚ್ಚಿ ಅವಳದಕ್ಕೆ ಹಾಕಿದೆ. ಸೀಟಿ ಹೊಡೆಯಿತು.

"ವೋಟಾದ್ರೂ ಹಾಕ್ತೀಯಾ?"

"ಉರುಕುಂದ ಈರಣ್ಣ ದೇವರ ಆಣಿ ಗಂಡಗೂ ಮಗಗೂ ಇಬ್ರಿಗೂ ಮಾಡೀನಲ್ಲಪಾ."

ಹೊರಗೆ ಬಂದರೆ ಆಟೋದವನು ನನ್ನ ಕರಪತ್ರ ಹಾಸಿಕೊಂಡು ನಿದ್ದೆ ಹೋಗಿದ್ದ.

ಕೊನೆಗೆ, ಆಟೋದವನಿಗೆ ಬಾಡಿಗೆ ಮತ್ತು ನಿದ್ದೆ, ಹುಲಿಗೆಮ್ಮನಿಗೆ ಸೀಟಿ. ನನಗೆ ಒಂದು ಚೊಂಬು ನೀರು, ಮಾತಾಡಲು ಅರ್ಧ ತಾಸಿನ ಜೊತೆ.