ಕೌದಿಗೆ ಹೋದ ದಾರ

ನನ್ನ ಮಗಳ ಕೌದಿ ಇನ್ನೂ ಹರಿದಿಲ್ಲ. ಬಟ್ಟೆಯ ತುಂಡುಗಳೆಲ್ಲ ಬಣ್ಣ ಕಳೆದುಕೊಂಡಿವೆ, ಅಂಚಿನ ಹೊಲಿಗೆ ಮಾತ್ರ ಹೊಸದರಂತೆ ಬಿಗಿಯಾಗಿದೆ. ಒಗೆದು ಒಣಹಾಕುವಾಗ ಆ ಅಂಚನ್ನು ಒಳಗೆ ಮಡಚುತ್ತಿದ್ದೆ. ತಮ್ಮನ ಕಣ್ಣಿಗೆ ಬೀಳಬಾರದೆಂದು.

ಗುಡಗೇರಿಯಲ್ಲಿ ನಾನು ಲಾರಿಗೆ ಹೊದಿಸುವ ತಾಡಪತ್ರಿ ಹೊಲಿಯುವವಳು. ಓದು ನಾಲ್ಕನೇ ಇಯತ್ತೆಗೆ ನಿಂತಿತು, ಆಮೇಲೆ ಬರೀ ಹೊಲಿಗೆ. ತಮ್ಮ ಗೋವಾದಲ್ಲಿ ದೋಣಿ ರಿಪೇರಿಯ ಕೆಲಸಕ್ಕಿದ್ದ. ಒಬ್ಬ ಮಾಲಕನ ಹಾಯಿದೋಣಿಯನ್ನು ಅವನೇ ನೋಡಿಕೊಳ್ಳುತ್ತಿದ್ದ. ಮಳೆಗಾಲಕ್ಕೆ ಅದನ್ನು ದಡಕ್ಕೆತ್ತಿ ಇಡುತ್ತಿದ್ದರು. ತಳ ಕೆರೆದು ಬಣ್ಣ ಬಳಿಯುವುದು, ಬಿಸಿಲಿಗೆ ಸಿಪ್ಪೆ ಎದ್ದ ವಾರ್ನಿಶ್ ಉಜ್ಜಿ ತೆಗೆಯುವುದು, ಸವೆದ ಹಗ್ಗ ಬದಲಿಸುವುದು, ಎಲ್ಲ ಆಗಲೇ. ಒಂದು ಆಷಾಢದಲ್ಲಿ ಹೊಲಿಗೆ ಸಡಿಲಾದ ಹಾಯಿಯನ್ನೇ ಸುತ್ತಿಕೊಂಡು ರೈಲಿನಲ್ಲಿ ಊರಿಗೆ ಬಂದ. ನಮ್ಮಕ್ಕನ ಹೊಲಿಗೆ ಎತ್ತು ಜಗ್ಗಿದರೂ ಬಿಚ್ಚುವುದಿಲ್ಲ ಎಂದು ಮಾಲಕನಿಗೆ ಹೇಳಿ ಬಂದಿದ್ದನಂತೆ.

ಮನೆಯಲ್ಲಿ ಅದನ್ನು ಹಾಸಲು ಜಾಗ ಸಾಲಲಿಲ್ಲ. ಅಡತಿ ವ್ಯಾಪಾರಿಯ ಖಾಲಿ ಗೋದಾಮು ಕೇಳಿ, ಕಸ ಗುಡಿಸಿ, ಮೆಣಸಿನಕಾಯಿ ಘಾಟಿಗೆ ಇಬ್ಬರೂ ಸೀನುತ್ತಲೇ ಹಾಸಿದೆವು.

"ಇಷ್ಟ ದೊಡ್ಡ ಧೋತರ ಯಾರ ಉಡ್ತಾರೋ?" ಎಂದೆ.

"ಗಾಳಿ ಉಡತೈತಿ ಬೇ."

ಚೀಲದಿಂದ ಬಿಳಿ ದಾರದ ಉಂಡೆಗಳನ್ನು ತೆಗೆದು ಕೊಟ್ಟ. "ಇದರಾಗನ ಹೊಲಿ ಅಕ್ಕಾ. ಬಿಸಲು ಮೊದಲ ಬಟ್ಟಿ ತಿನ್ನೂದಿಲ್ಲ, ದಾರಾ ತಿಂತೈತಿ. ಇದನ್ನ ತಿನ್ನಾಕ ಅದಕ್ಕೂ ತ್ರಾಸ." ಅಷ್ಟು ಹೇಳಿ ಪಕ್ಕದೂರು ಸಂಶಿಯ ಗೆಳೆಯರನ್ನು ನೋಡಲು ಹೋದ.

ಅಂಥ ದಾರ ನಾನು ಕೈಯಲ್ಲಿ ಹಿಡಿದಿರಲಿಲ್ಲ. ಎಣ್ಣೆ ಹಚ್ಚಿದಂತೆ ಬಟ್ಟೆಯೊಳಗೆ ಜಾರುತ್ತಿತ್ತು. ಮಗಳ ಕೌದಿ ಅರ್ಧಕ್ಕೆ ನಿಂತಿತ್ತು. ಒಂದು ಅಂಚಿಗೆ ಎಂದು ತೆಗೆದುಕೊಂಡೆ. ಆ ಅಂಚು ನೋಡಿ ಉಳಿದವನ್ನೂ ಹೊಲಿದೆ.

ಹಾಯಿಯ ಕೊನೆಯ ಮೂಲೆಗೆ ಬಂದಾಗ ದಾರ ಮುಗಿಯಿತು. ಉಕ್ಕಿನ ಬಳೆ ಕೂರಿಸಿದ, ಪದರದ ಮೇಲೆ ಪದರ ಇಟ್ಟ ಮೂಲೆ ಅದು. ಗಾಳಿಯ ಜಗ್ಗಾಟವೆಲ್ಲ ಅಲ್ಲಿಗೇ ಬರುತ್ತದೆ ಎಂದು ತಮ್ಮ ತೋರಿಸಿದ್ದ. ಮರುದಿನ ಅವನು ಹೊರಡುವವನಿದ್ದ. ಹೇಳಿದ್ದರೆ ಉಳಿಯುತ್ತಿದ್ದ, ದಾರ ತರಿಸುತ್ತಿದ್ದ. ಆದರೆ ಎಲ್ಲಿ ಹೋಯಿತೆಂದು ಕೇಳುತ್ತಿದ್ದನಲ್ಲ. ಚೀಲ ಹೊಲಿಯುವ ದಾರ ತೆಗೆದುಕೊಂಡು, ಹೊಳಪು ಬರಲೆಂದು ಮೇಣದಬತ್ತಿ ತಿಕ್ಕಿ ಹೊಲಿದುಬಿಟ್ಟೆ. ಚೀಲದ ತುಂಬ ಗೋದಿ ಹಿಡಿಯುವ ದಾರ ಗಾಳಿ ಹಿಡಿಯದೇನು ಎಂದುಕೊಂಡೆ. ಚೀಲ ಇರುವುದು ನೆರಳಿನಲ್ಲಿ ಎಂಬುದನ್ನು ನೆನಪು ಮಾಡಿಕೊಳ್ಳಲಿಲ್ಲ.

"ಎಲ್ಲಾ ಅದರಾಗ ಹೊಲದಿ ಹೌದಲ್ಲ ಬೇ?" ಹಾಯಿ ಸುತ್ತುತ್ತ ತಮ್ಮ ಕೇಳಿದ.

"ಹೂಂ."

ಮುಂದಿನ ಬೇಸಿಗೆ, ದೋಣಿಯನ್ನು ದಡಕ್ಕೆ ತರುವಾಗ, ಎಂಜಿನ್ ಕೆಟ್ಟಿತ್ತು. ಹಾಯಿಯೊಂದೇ ಆಧಾರ. ಗಾಳಿ ಏರಿತು. ಆ ಮೂಲೆ ಅರ್ಧ ಕಿತ್ತು, ಬಳೆಯ ಸಮೇತ ಬಡಿದಾಡತೊಡಗಿತು. ತಮ್ಮ ಹಿಡಿಯಲು ಹೋದ. ಬಳೆ ಎಡಗಣ್ಣಿಗೆ ಬಿತ್ತು.

ಗಾಳಿ ನೋಡಿ ಮೊದಲೇ ಹಾಯಿ ಇಳಿಸಬೇಕಿತ್ತು ಎಂದ ಮಾಲಕ. ತಪ್ಪು ತನ್ನದೇ ಎಂದು ತಮ್ಮ ಒಪ್ಪಿಕೊಂಡ. ಆ ಕಣ್ಣು ಹೋಯಿತು. ಊರಿಗೆ ಬಂದು ಅಂಗಡಿಯಲ್ಲಿ ನನ್ನ ಜೊತೆ ಹೊಲಿಗೆಗೆ ಕುಳಿತ.

ಒಂದೇ ಕಣ್ಣಿಗೆ ಸೂಜಿಯ ತೂತು ಎಷ್ಟು ದೂರವಿದೆಯೆಂದು ತಿಳಿಯುವುದಿಲ್ಲವಂತೆ. ಸೂಜಿ, ದಾರ ಎರಡನ್ನೂ ನನ್ನ ಕಡೆ ಚಾಚುತ್ತಿದ್ದ. "ಅಕ್ಕಾ, ಪೋಣಸ ಕೊಡ ಬೇ." ನಾನು ಪೋಣಿಸಿ ಕೊಡುತ್ತಿದ್ದೆ. ಹೊರಗೆ ತಾಡಪತ್ರಿ ಗಾಳಿಗೆ ಪಟಪಟ ಬಡಿದುಕೊಂಡರೆ ಇಬ್ಬರೂ ಒಮ್ಮೆಲೇ ತಲೆ ಎತ್ತುತ್ತಿದ್ದೆವು. ಅವನ ಕೈ ಮುಖಕ್ಕೆ ಅಡ್ಡ ಹೋಗುತ್ತಿತ್ತು. ನನ್ನ ಕಣ್ಣು ಅದರ ಮೂಲೆಗೆ ಹೋಗುತ್ತಿತ್ತು.

ಈ ವರ್ಷ ಮಾಲಕನ ಫೋನ್ ಬಂತು. ದೋಣಿ ದಡಕ್ಕೆ ಬಂದಿದೆ, ನೀನೇ ಬಾ ಎಂದು.

"ಬ್ಯಾಡ್ರಿ. ಗಾಳಿ ತಿಳದವರನ್ನ ಕರಕೋರ್ರಿ. ನನಗ ತಿಳಿಯೂದಿಲ್ಲ."

ಫೋನ್ ಇಟ್ಟು, ಏನೂ ಆಗದವನಂತೆ ಮಷೀನ್ ತುಳಿಯತೊಡಗಿದ. ನನಗೆ ಕೂರಲಾಗಲಿಲ್ಲ. ಮನೆಗೆ ಹೋಗಿ ಕೌದಿ ತಂದು ಅವನ ತೊಡೆಯ ಮೇಲೆ ಹಾಕಿದೆ.

"ಯಾಕ ಬೇ, ನಾ ಏನ್ ಹಡದೇನೇನು, ಕೌದಿ ಹೊಚ್ಚಾಕ ಬಂದಿ?"

ನಗುತ್ತಲೇ ಅಂಚು ಸವರಿದ. ಬೆರಳು ನಿಂತಿತು. ಉಗುರಿನಿಂದ ದಾರ ಎತ್ತಿ, ಜಗ್ಗಿ, ಒಳ್ಳೆಯ ಕಣ್ಣಿನ ಹತ್ತಿರ ತಂದ.

"ಇದು ನನ್ನ ದಾರ."

"ಹೂಂ."

"ಮತ್ತ ಆ ಮೂಲಿಗೆ?"

"ಚೀಲದ್ದು. ಮೇಣಾ ತಿಕ್ಕಿದ್ದೆ."

ಅಂಚಿನ ಉದ್ದಕ್ಕೂ ಬೆರಳು ಎಳೆದ. "ಗಾಳಿ ನನಗ ತಿಳದಿತ್ತು," ಎಂದ. ನನಗೆ ಹೇಳಿದ್ದಲ್ಲ. "ಈ ದಾರಾ ಇದ್ದಿದ್ರ ಹಾಯಿ ತಡೀತಿತ್ತು." ಕೌದಿಯನ್ನು ಮಡಚಿ ಕೊಟ್ಟ. ಸಂಜೆ ತಾನೇ ಮಾಲಕನಿಗೆ ಫೋನ್ ಮಾಡಿ "ಬರ್ತೇನ್ರಿ" ಎಂದ.

ಹೊರಡುವ ಮೊದಲು ತನ್ನ ಚೀಲದ ಹರಿದ ಬಾಯಿ ಹೊಲಿಯಲು ಸೂಜಿ ತೆಗೆದುಕೊಂಡ. ರೂಢಿಯಂತೆ ನಾನು ಕೈ ಚಾಚಿದೆ. ಅವನು ಕೊಡಲಿಲ್ಲ. ದಾರದ ತುದಿಯನ್ನು ನಾಲಿಗೆಗೆ ತಾಗಿಸಿ, ಸೂಜಿಯನ್ನು ಬೆಳಕಿಗೆ ಹಿಡಿದ. ದಾರ ಸೂಜಿಯ ಬಾಜು ಹಾದುಹೋಯಿತು. ಮತ್ತೆ ಹಾದುಹೋಯಿತು. ನನ್ನ ಕೈ ಚಾಚಿಯೇ ಇತ್ತು.